ಬಾಡಿಗೆ ಅಜ್ಜಿ

ಲೊರೆದಾನಾಳ ಗಲ್ಲದ ಕೆಳಗೆ ಹೂವಿನ ಸ್ಕಾರ್ಫನ್ನು ಗಂಟು ಹಾಕಿ, ರುಜ್ಜೇರೊ ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ಒರ್ವಿಯೆತೊ ಬೆಟ್ಟಕ್ಕೆ ಬರುವ ಪ್ರವಾಸಿಗರಿಗೆ ಊರಿನ ಅಡುಗೆ ತೋರಿಸುವ ವ್ಯವಹಾರ ಅವನದು. ಹಿಟ್ಟು ಕಲಸುವ ಕೈ ಅವಳದು.

“ಇನ್ನೊಂಚೂರು ಬೆನ್ನು ಬಗ್ಗಿಸಿ. ಮಧ್ಯೆ ಮಧ್ಯೆ ಮೊಮ್ಮಕ್ಕಳ ವಿಷಯ ಎತ್ತಿ.”

“ನಂಗೆ ಮದುವೇನೇ ಆಗಿಲ್ವಲ್ಲೋ.”

“ಅದು ಅವರಿಗೆಲ್ಲಿ ಗೊತ್ತಾಗುತ್ತೆ? ಆಗಲ್ಲ ಅಂದ್ರೆ ಹೇಳಿ, ಬೇರೆ ಅಜ್ಜಿ ಸಿಗ್ತಾರೆ.”

ಅಷ್ಟರಲ್ಲಿ ದೊಡ್ಡ ಚರ್ಚು ನೋಡಿ ಹಸಿದಿದ್ದ ಮಿಲಾನಿನ ಪ್ರವಾಸಿಗರು ಅಡುಗೆಮನೆಗೆ ಬಂದು ಹಿಟ್ಟಿನ ಹಲಗೆಯ ಸುತ್ತ ನಿಂತರು. ಲೊರೆದಾನಾ ಹಿಟ್ಟನ್ನು ಅಂಗೈಯಲ್ಲಿ ಉಜ್ಜುತ್ತ ಹುರಿಯಂಥ ದಪ್ಪ ಶಾವಿಗೆ ಹೊಸೆಯತೊಡಗಿದಳು. ಒಬ್ಬಾಕೆ ಅವಳ ಮುಖಕ್ಕೆ ಫೋನು ಹಿಡಿದು, ಕಿವುಡರನ್ನು ಮಾತಾಡಿಸುವಂತೆ ಕೂಗಿದಳು: “ಅಜ್ಜೀ, ಇದನ್ನ ನಿಮ್ಮಜ್ಜಿ ಕಲಿಸಿದ್ದಾ?”

ಲೊರೆದಾನಾಳ ಕೈ ನಿಂತಿತು. ಹಿಟ್ಟಿನ ಕೈಯಲ್ಲೇ ಗಂಟು ಬಿಚ್ಚಿ ಸ್ಕಾರ್ಫ್ ಎಳೆದಳು. ಗಿಡ್ಡಗೆ ಕತ್ತರಿಸಿ ಕೆಂಪು ಬಣ್ಣ ಹಾಕಿದ ಕೂದಲು ಹೊರಬಿತ್ತು. ಬಗ್ಗಿದ್ದ ಬೆನ್ನು ನೆಟ್ಟಗಾಯಿತು.

“ನಮ್ಮಜ್ಜಿಗೆ ನೀರು ಕಾಯಿಸೋಕೂ ಬರ್ತಿರಲಿಲ್ಲ. ನಾನು ಕಲಿತಿದ್ದು ಬಸ್ ಡಿಪೋ ಕ್ಯಾಂಟೀನಲ್ಲಿ. ಮೂವತ್ತು ವರ್ಷ ಈ ಬೆಟ್ಟಕ್ಕೆ ಬಸ್ಸು ಓಡಿಸಿದೀನಿ. ತಿರುವು ಬಂದಾಗೆಲ್ಲ ವಾಂತಿ ಮಾಡ್ಕೋತಿದ್ದ ಈ ರುಜ್ಜೇರೊನ ಸ್ಕೂಲಿಗೆ ಮುಟ್ಟಿಸಿದ್ದೂ ನಾನೇ.”

ರುಜ್ಜೇರೊ ಬಾಯಿ ತೆರೆಯುವ ಮೊದಲೇ ಸ್ಕಾರ್ಫನ್ನು ಅವನ ತಲೆಗೆ ಹೊದಿಸಿ, ಗಲ್ಲದ ಕೆಳಗೆ ಬಿಗಿಯಾಗಿ ಗಂಟು ಹಾಕಿದಳು.

“ಅಜ್ಜಿ ಬೇಕಾದೋರು ಇವನ ಫೋಟೊ ತಗೊಳ್ಳಿ. ಊಟ ಬೇಕಾದೋರು ಕೈ ತೊಳ್ಕೊಂಡು ಬನ್ನಿ.”