ಊರಬಾಗಿಲು ದಾಟದ ನಾಯಕ

ತಮ್ಮ ಮಾಡಿದ ಗೇಮಿನಲ್ಲಿ ಅಕ್ಕ ಇನ್ನೂ ಮೊದಲನೇ ಊರಿನಲ್ಲೇ ಇದ್ದಳು. ಮಧ್ಯಾಹ್ನ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವಳು ಬಾವಿಕಟ್ಟೆ ಸುತ್ತಿದಳು, ಕೋಳಿ ಅಟ್ಟಿದಳು, ಕಮ್ಮಾರನನ್ನು ಮಾತಾಡಿಸಿದಳು; ಊರಬಾಗಿಲು ಮಾತ್ರ ದಾಟಲೊಲ್ಲಳು. ಪಕ್ಕದಲ್ಲಿ ಕೂತಿದ್ದ ತಮ್ಮನಿಗೆ ತಲೆಬುಡ ತಿಳಿಯಲಿಲ್ಲ.

ಅವನದು ಜಪಾನಿನ ಆಟಗಳ ಧಾಟಿಯ ಗೇಮ್. ಅಂಥವುಗಳಲ್ಲಿ ನಾಯಕ ಊರು ಬಿಟ್ಟು ಹೊರಟರೇ ಕಥೆ ಶುರು. ಇವನದರಲ್ಲೂ ಬಾಗಿಲು ದಾಟುತ್ತಲೇ ರಾಕ್ಷಸರ ಸೈನ್ಯ ಊರಿಗೆ ಬೆಂಕಿ ಹಚ್ಚುತ್ತದೆ, ನಾಯಕನ ತಾಯಿ ಸಾಯುತ್ತಾಳೆ. ಆಮೇಲೆ ಕಾಡು, ಕಡಲು, ತೇಲುವ ಪಟ್ಟಣ ಎಲ್ಲ. ಆದರೆ ಆಡಿ ನೋಡಿದವರೆಲ್ಲ ಮೊದಲ ಊರಲ್ಲೇ ಕಾಲಹರಣ ಮಾಡುತ್ತಿದ್ದಾರೆಂದು ಕಂಪನಿಯ ಬಾಸ್ ಗರಂ ಆಗಿದ್ದರು. ಸೋಮವಾರದೊಳಗೆ ಸರಿಹೋಗದಿದ್ದರೆ ಆ ಊರನ್ನೇ ಕಿತ್ತುಹಾಕಿ ಕಾಡಿನಿಂದ ಶುರುಮಾಡು ಅಂದುಬಿಟ್ಟಿದ್ದರು. ಅವನ ಎರಡು ವರ್ಷದ ದುಡಿಮೆಯೆಲ್ಲ ಆ ಊರೇ. ಅದಕ್ಕೇ ಅಕ್ಕನನ್ನು ಹಿಡಿದು ತಂದಿದ್ದ. ಅವಳು ಸಿಟಿ ಬಸ್ಸಿನ ಡ್ರೈವರ್. ಓಡಿ ಬರುವವರಿಗೂ ಕಾಯದೆ ಗಾಡಿ ಎತ್ತುವವಳು. ಅಂಥವಳು ಇಲ್ಲಿ ಕೋಳಿ ಅಟ್ಟುತ್ತಾ ಕೂರಬೇಕೆ!

"ಅಕ್ಕ, ಬಾಗಿಲು ತೆಗೆದೇ ಇದೆ. ಹೋಗೇ."

"ನಾನು ಹೋದ್ರೆ ಈ ತಾಯಿ ಸಾಯ್ತಾಳೆ ತಾನೆ?"

ಅವನು ಬೆಚ್ಚಿದ. "ಯಾರು ಹೇಳಿದ್ರು ನಿಂಗೆ?"

"ಯಾರು ಹೇಳ್ಬೇಕು? ‘ಕಂದಾ, ನಿನ್ನ ದಾರಿ ಬೆಳಗಲಿ’ ಅಂತಾಳಲ್ಲೋ! ಬದುಕೋ ತಾಯಂದಿರು ಹೀಗೆ ಮಾತಾಡ್ತಾರಾ?"

ಹೌದಲ್ಲ ಅನ್ನಿಸಿತು. ತಕ್ಷಣ ಲ್ಯಾಪ್‌ಟಾಪ್ ಎಳೆದುಕೊಂಡು ತಾಯಿಯ ಮಾತುಗಳನ್ನೆಲ್ಲ ಅಳಿಸಿದ. ಬೈಗುಳ ತುಂಬಿದರೆ ಯಾರೂ ಒಂದು ಗಳಿಗೆ ನಿಲ್ಲಲಾರರು ಎಂದು, ಬಾಯಿಗೆ ಬಂದದ್ದನ್ನು ಹಾಗೆಹಾಗೇ ಟೈಪು ಮಾಡಿ, ಆಟವನ್ನು ಮತ್ತೆ ಮೊದಲಿಂದ ಶುರುಮಾಡಿಕೊಟ್ಟ.

ಈ ಸಲ ಅಕ್ಕ ನೆಟ್ಟಗೆ ಬಾಗಿಲಿಗೇ ನಡೆದಳು. ಹಿಂದಿನಿಂದ ತಾಯಿ ಕೂಗಿದಳು: "ಹೋಗು, ತೊಲಗು! ಬಿದ್ದು ಮಂಡಿ ಒಡ್ಕೊಂಡು ನನ್ನ ಹತ್ರ ಅಳ್ತಾ ಬರ್ಬೇಡ. ಏ, ನಿಂತ್ಕೊಳ್ಳೋ, ಸ್ವೆಟರ್ ಯಾರು ಹಾಕ್ಕೋತಾರೆ, ನಿಮ್ಮಪ್ಪಾನಾ?"

ಅಕ್ಕ ಗಕ್ಕನೆ ನಿಂತಳು. ನಾಯಕನನ್ನು ತಿರುಗಿಸಿ ತಾಯಿಯ ಹತ್ತಿರ ಕರೆತಂದು ಗುಂಡಿ ಒತ್ತಿದಳು. ಮತ್ತೆ ಅದೇ ಬೈಗುಳ. ಇನ್ನೊಮ್ಮೆ ಒತ್ತಿದಳು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

"ಅಮ್ಮ ಕಣೋ ಇದು," ಎಂದಳು.

ಅಮ್ಮ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ತಾನು ಬರೆದದ್ದು ಯಾರ ಮಾತೆಂದು ಅವನಿಗೇ ಆಗ ತಿಳಿದದ್ದು.

"ಇದು ಗೇಮ್ ಕಣಕ್ಕ. ದಾಟಿಬಿಡು, ಪ್ಲೀಸ್."

"ನನ್ನ ಕೈಲಾಗಲ್ಲಪ್ಪ. ನೀನೇ ದಾಟು ನೋಡೋಣ," ಎಂದು ಕಂಟ್ರೋಲರನ್ನು ಅವನ ಮಡಿಲಿಗೆ ಹಾಕಿದಳು.

ಲೆಕ್ಕವಿಲ್ಲದಷ್ಟು ಸಲ ದಾಟಿದ ಬಾಗಿಲು ಅದು. ನಾಯಕನನ್ನು ಹೊಸ್ತಿಲವರೆಗೆ ತಂದ. ಹೆಬ್ಬೆರಳು ಮುಂದೆ ಸರಿಯಲಿಲ್ಲ. ಊರು ಉಳಿಯಬೇಕಾದರೆ ಆಡುವವರು ಬೇಗ ದಾಟಬೇಕು. ದಾಟಿದರೆ ಊರು ಉರಿಯುತ್ತದೆ. ಬಾಸ್‌ಗೆ ಏನು ಹೇಳುವುದು? ಮಾಡಿದ್ದು ಕೆಟ್ಟಿತೋ ಒಳ್ಳೆಯದಾಯಿತೋ?

ಅಕ್ಕ ಮೂಗೊರೆಸಿಕೊಂಡು ಕೇಳಿದಳು: "ಅಲ್ವೋ, ಆಮೇಲೆ ಹೇಗೆ ಸಾಯ್ತಾಳೆ ಅವಳು?"

"ಬೆಂಕಿ ಹಚ್ತಾರೆ."

"ಯಾರೋ ಹಚ್ಚೋದು?"

ರಾಕ್ಷಸರ ಸೈನ್ಯ ಎನ್ನಲು ಬಾಯಿ ತೆರೆದ.

"ನಾನೇ ಕಣಕ್ಕ," ಎಂದ.