ತೊಯ್ಸಿದ ಟವೆಲ್

ಹಸಿ ಟವೆಲಿಗೆ ಪೆಟ್ರೋಲ್ ವಾಸನೆ ಹತ್ತಿದರೆ ಇವತ್ತಿಗೂ ನನಗೆ ಕೊಲ್ಹಾರ ಬ್ರಿಜ್ಜಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಬಿಸಿಲಿಗೆ ಅಪ್ಪನ ಹಳೇ ಅಂಬಾಸಿಡರ್ ನಡುದಾರಿಯಲ್ಲೇ ನಿಂತುಬಿಟ್ಟಿತ್ತು. ಅಪ್ಪ ಸಿಟ್ಟಿನಿಂದ ಮತ್ತೆ ಮತ್ತೆ ಕೀಲಿ ತಿರುವುತ್ತಿದ್ದ. ಜೊತೆಗಿದ್ದವರು ರಾಜೇಸಾಬ ಕಾಕಾ, ಸಿಂದಗಿ ಕಡೆಯ ಹಳೇ ಕಾರಿನವರಿಗೆಲ್ಲ ಗುರು. ಕೆಳಗಿಳಿದವರೇ ಹೆಗಲ ಮೇಲಿನ ಟವೆಲನ್ನು ಕುಡಿಯುವ ನೀರಿನಲ್ಲಿ ತೊಯ್ಸಿ, ಇಂಜಿನ್ನಿಗೆ ಪೆಟ್ರೋಲ್ ಎಳೆಯುವ ಕಾದ ಪಂಪಿಗೆ ಸುತ್ತಿದರು.

“ತಡಿಯೋ ತಮ್ಮಾ, ನಮ್ಮಂಗ ಅದಕ್ಕೂ ಬಿಸಲ ಹತ್ತೇತಿ. ಜರಾ ತಣ್ಣಗಾಗ್ಲಿ.”

ಕಾಯುವಾಗ ನನ್ನನ್ನು ಸ್ಟೇರಿಂಗ್ ಮುಂದೆ ಕೂರಿಸಿದರು. ನನ್ನ ಕಾಲು ಬ್ರೇಕಿಗೆ ಮುಟ್ಟಲಿಲ್ಲ.

“ಲಗೂನ ದೊಡ್ಡಾಕಿ ಆಗವ್ವಾ. ನೀ ಓಡ್ಸು, ನಾ ಮಗ್ಗಲಕ ಕುಂದರ್ತೇನಿ.”

ನನಗೆ ಲೈಸೆನ್ಸ್ ಬರುವ ಹೊತ್ತಿಗೆ ಕಾಕಾ ಉಳಿದಿರಲಿಲ್ಲ. ಅದೇ ಕಾರಿನಲ್ಲಿ ಅದೇ ಬ್ರಿಜ್ ದಾಟುವಾಗ ಮಗ್ಗುಲ ಸೀಟಿನಲ್ಲಿ ತೊಯ್ಸಿದ ಟವೆಲ್ ಅಷ್ಟೇ ಇತ್ತು.