ಬೊಟ್ಟಿನ ಜಾಗ

ಊರಿನ ಬಸ್ಸುಗಳಿಗೆಲ್ಲ ನೀರು ಅಂಟದ ಪಿಂಗಾಣಿ ಲೇಪ ಬಂದು ಹತ್ತು ವರ್ಷವಾಗಿತ್ತು. ಮಳೆಹನಿ ಪಾದರಸದಂತೆ ಉರುಳಿ ಹೋಗುತ್ತಿತ್ತು. ಬಸ್ಸು ತೊಳೆಯುವುದನ್ನೇ ಜನ ಮರೆತಿದ್ದರು. ಡಿಪೋದಲ್ಲಿ ಲೇಪ ಹೊಡೆಯುವ ಫಕೀರವ್ವ ಮಾತ್ರ ಪ್ರತಿ ಬಸ್ಸಿನ ಹಣೆಯಲ್ಲೂ ರೂಪಾಯಿಯಗಲ ಬರಿ ತಗಡು ಬಿಡುತ್ತಿದ್ದಳು.

ಆಯುಧಪೂಜೆಯ ಹಿಂದಿನ ದಿನ ತಪಾಸಣೆಗೆ ಬಂದ ಹೊಸ ಸಾಹೇಬರು ಅಲ್ಲಿ ತುಕ್ಕು ಕಂಡು ಕೆಂಡವಾದರು. "ಇದೇನವ್ವಾ? ನೌಕರಿ ಬ್ಯಾಡಾಗೈತೇನು?"

"ಲೇಪದ ಮ್ಯಾಲೆ ಕುಂಕುಮ ನಿಲ್ಲೂದಿಲ್ರೀ ಸಾಹೇಬ್ರ. ನಾಳೆ ಡ್ರೈವರ್ ಮಂದಿ ಬೊಟ್ಟು ಎಲ್ಲಿ ಇಡಬೇಕು?"

ಸಾಹೇಬರು ವರದಿ ಬರೆಯಲು ತೆಗೆದ ಪೆನ್ನನ್ನು ಮುಚ್ಚಿ ಜೇಬಿಗಿಟ್ಟರು. ಆಚೀಚೆ ನೋಡಿ ದನಿ ತಗ್ಗಿಸಿದರು.

"ಹೊರಗ ನನ್ನ ಸ್ಕೂಟರ್ ನಿಂತೈತಿ, ಅದರ ಮ್ಯಾಲೂ ಇದೇ ಲೇಪ. ಹೋದ ವರ್ಷ ನಮ್ಮವ್ವ ಹಚ್ಚಿದ್ದೆಲ್ಲ ಜಾರಿ ನೆಲಕ್ಕ ಬಿತ್ತು. ಅದಕ್ಕೂ ಒಂದು ರೂಪಾಯಿಯಗಲ ಕೆರದು ಕೊಡವ್ವಾ."